೨೪೦೧ನೇ ಬಾಗಿಲು

ಮೊದಲ ದಿನ ನಾನು ಹೊಡೆದ ಆಜ್ಞೆಗೆ ಉತ್ತರ ಬರಲು ಮೂರು ನಿಮಿಷ ಹಿಡಿಯಿತು. ಬಂದದ್ದು ಒಂದೇ ಸಾಲು: ಸಂಪರ್ಕ ಸಿಗಲಿಲ್ಲ, ಸಮಯ ಮೀರಿತು. ಬೆರಳು ತಪ್ಪಿರಬೇಕು ಅಂದುಕೊಂಡು ಇನ್ನೊಮ್ಮೆ ಹೊಡೆದೆ. ಮತ್ತೆ ಮೂರು ನಿಮಿಷ, ಮತ್ತೆ ಅದೇ ಸಾಲು. "ಹಾಳಾಗಿ ಹೋಗು, ನಿನ್ನ ಮುಖಕ್ಕಿಷ್ಟು!" ಎಂದು ಗಟ್ಟಿಯಾಗಿಯೇ ಬೈದೆ. ನಾನು ಬೈದರೆ ಇಲ್ಲಿ ಯಾರಿಗೂ ಅರ್ಥವಾಗುವುದಿಲ್ಲ ಅನ್ನುವ ಧೈರ್ಯ ಅಂದೇ ಬಂದುಬಿಟ್ಟಿತ್ತು.

ತೊಂಬತ್ತರ ದಶಕದ ಕೊನೆಯ ಮಾತು ಇದು. ತೇನಿಯಿಂದ ಚಿನ್ನಮನೂರಿಗೆ ಹೋಗುವ ರಸ್ತೆಯಲ್ಲಿ, ಬಾಳೆತೋಟಗಳ ನಡುವೆ ಒಂದು ನೂಲಿನ ಮಿಲ್ಲು. ಮೈಸೂರಿನ ನಮ್ಮ ಪುಟ್ಟ ಕಂಪನಿ ಆ ಮಿಲ್ಲಿಗೆ ಲೇಬಲ್ ಪ್ರೋಗ್ರಾಂ ಬರೆದುಕೊಟ್ಟಿತ್ತು. ಅದನ್ನು ಅಲ್ಲೇ ಕೂತು ಅವರ ಕೆಲಸಕ್ಕೆ ಹೊಂದಿಸಿಕೊಡಲು ಆರು ತಿಂಗಳಿಗೆ ನನ್ನನ್ನು ಕಳಿಸಿದ್ದರು. ಪ್ರೋಗ್ರಾಮಿನ ಮೂಲ ಇದ್ದದ್ದು ದೂರದ ಒಂದು ಬಾಡಿಗೆ ಸರ್ವರ್‌ನಲ್ಲಿ, ಸಿವಿಎಸ್ ಎನ್ನುವ ಭಂಡಾರದಲ್ಲಿ. ಯಾರು, ಯಾವತ್ತು, ಯಾವ ಸಾಲು ಬದಲಿಸಿದರು ಎಂಬುದನ್ನು ಅದು ಒಂದೂ ಬಿಡದೆ ಇಟ್ಟುಕೊಳ್ಳುತ್ತದೆ. ಇಬ್ಬರು ಒಂದೇ ಫೈಲಿಗೆ ಕೈ ಹಾಕಿದರೆ ಎಚ್ಚರಿಸುತ್ತದೆ. ಅದನ್ನು ಮುಟ್ಟಬೇಕಾದರೆ ೨೪೦೧ ಎಂಬ ನಂಬರಿನ ಬಾಗಿಲಿನಿಂದ ಹೋಗಬೇಕು. ಸರ್ವರ್ ಕೂಡ ಎರಡೇ ಕಡೆಯಿಂದ ಬಂದವರನ್ನು ಒಳಗೆ ಬಿಡುತ್ತಿತ್ತು: ಮೈಸೂರಿನ ನಮ್ಮ ಆಫೀಸು, ಇಲ್ಲವೇ ಮಿಲ್ಲಿನವರ ದಿಂಡಿಗಲ್ ಹೆಡ್ ಆಫೀಸು. ಹಾಗಾಗಿ ಹೊರಗಿನ ಟೆಲಿಫೋನ್ ಅಂಗಡಿಯಿಂದ ಪ್ರಯತ್ನಿಸಿಯೂ ಲಾಭವಿರಲಿಲ್ಲ.

ಮಿಲ್ಲಿಗೆ ಇಂಟರ್‌ನೆಟ್ ಬರುತ್ತಿದ್ದದ್ದು ದಿಂಡಿಗಲ್ಲಿನಿಂದಲೇ. ಅಲ್ಲಿ ಪ್ರಾಕ್ಸಿ ಎಂಬ ಒಂದು ಯಂತ್ರ ಕಾವಲು ಕೂತಿತ್ತು. ವೆಬ್ ಪುಟ ಕೇಳಿದರೆ ತಾನೇ ಹೋಗಿ ತಂದುಕೊಡುತ್ತಿತ್ತು, ಇ-ಮೇಲ್ ಹೋಗಲು ಬಿಡುತ್ತಿತ್ತು. ಉಳಿದ ಯಾವ ಬಾಗಿಲನ್ನೂ ತೆರೆಯುತ್ತಿರಲಿಲ್ಲ. ತೆರೆಯಿರಿ ಎಂದು ನಮೂನೆ ತುಂಬಿ ದಿಂಡಿಗಲ್ಲಿಗೆ ಫ್ಯಾಕ್ಸ್ ಮಾಡಿದೆ. 'ಕಾರಣ' ಎಂಬಲ್ಲಿ 'ಸಾಫ್ಟ್‌ವೇರ್ ನಿರ್ವಹಣೆ' ಎಂದು ಬರೆದೆ. ಅಲ್ಲಿನ ಸಿಸ್ಟಮ್ಸ್ ಆಫೀಸರು 'ಕಾರಣ ಸಾಲದು' ಎಂದು ಕೆಂಪು ಶಾಯಿಯಲ್ಲಿ ಬರೆದು ವಾಪಸ್ ಕಳಿಸಿದರು. ಎರಡನೇ ಸಲವೂ ಅದನ್ನೇ ಬರೆದೆ. ಅವರೂ ಅದನ್ನೇ ಬರೆದರು.

ಆಮೇಲೆ ಫ್ಲಾಪಿಗೆ ಬಂದೆವು. ಮೈಸೂರಿನಲ್ಲಿ ನನ್ನ ಸಹೋದ್ಯೋಗಿ ಬದಲಾವಣೆ ಮಾಡಿ ಇಡೀ ಫೈಲುಗಳನ್ನು ಫ್ಲಾಪಿಗೆ ತುಂಬಿ ಕೊರಿಯರ್ ಮಾಡುವುದು, ನಾನು ಇಲ್ಲಿ ಅದನ್ನು ಯಂತ್ರಕ್ಕೆ ಇಳಿಸುವುದು. ಇಲ್ಲಿ ನಾನೇನಾದರೂ ತಿದ್ದಿದರೆ ಇ-ಮೇಲ್ ಮಾಡುವುದು, ಅವನು ಅಲ್ಲಿ ಭಂಡಾರಕ್ಕೆ ಸೇರಿಸುವುದು. ಎಲ್ಲಾ ಸರಿಯಾಗಿಯೇ ನಡೆಯುತ್ತಿದೆ ಅನ್ನಿಸುತ್ತಿತ್ತು.

ಸರಿಯಿಲ್ಲದ್ದು ನಾನು. ನನಗೆ ಬರುತ್ತಿದ್ದ ತಮಿಳು ಹತ್ತು ಶಬ್ದ. ಅದರಲ್ಲಿ ನಾಲ್ಕು ಊಟದ್ದು. ಬೆಳಿಗ್ಗೆ ಎಂಟಕ್ಕೆ ರೂಮಿಗೆ ಬಂದರೆ ಗಾಜಿನಾಚೆ ನೂಲುವ ಯಂತ್ರಗಳ ಸದ್ದು. ಆ ಸದ್ದಿನಲ್ಲಿ ಕೆಲಸದವರು ಕೈಸನ್ನೆಯಲ್ಲಿ ಮಾತಾಡಿಕೊಂಡು ನಗುತ್ತಿದ್ದರು. ಅದರ ಅರ್ಥವೂ ನನಗೆ ಆಗುತ್ತಿರಲಿಲ್ಲ. ಮೆಸ್ಸಿನಲ್ಲಿ ನಾನು ಹೋಗಿ ಕೂತರೆ ಆ ಬೆಂಚಿನ ಹೆಂಗಸರು ಸಂಕೋಚದಿಂದ ಸುಮ್ಮನಾಗುತ್ತಿದ್ದರು. ಭಾನುವಾರ ಗೆಸ್ಟ್ ಹೌಸಿನ ಜಗಲಿಯಲ್ಲಿ ಕೂತು ಪಶ್ಚಿಮದ ಬೆಟ್ಟಗಳನ್ನು ನೋಡಿ ನೋಡಿ ಸಾಕಾಗಿ, ಬಟ್ಟೆ ಒಗೆದದ್ದನ್ನೇ ಮತ್ತೆ ಒಗೆಯುತ್ತಿದ್ದೆ. ಅಳು ಬರುತ್ತಿತ್ತು. ಅತ್ತಿದ್ದೂ ಉಂಟು, ಸುಳ್ಳು ಯಾಕೆ ಹೇಳಲಿ.

ನನ್ನ ರೂಮಿಗೆ ಅಂಟಿಕೊಂಡಂತೆ ಪರೀಕ್ಷಾ ಲ್ಯಾಬ್. ಅದರ ಮೇಲ್ವಿಚಾರಕರು ಐವತ್ತರ ಹತ್ತಿರದ ಮನುಷ್ಯ, ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದವರು. ನೂಲಿನ ದಪ್ಪ, ಗಟ್ಟಿತನ ನೋಡಿ, ಯಾವ ಕಂತಿನ ನೂಲೆಂದು ತಿಳಿಸುವ ಲಾಟ್ ನಂಬರ್ ಬರೆದ ಲೇಬಲ್ಲನ್ನು ಪೆಟ್ಟಿಗೆಗೆ ಅಂಟಿಸುವುದು ಅವರ ಜವಾಬ್ದಾರಿ. ಎಲ್ಲರೂ ಕರೆಯುವ ಹಾಗೆ ನಾನೂ 'ಅಣ್ಣೆ' ಅನ್ನುತ್ತಿದ್ದೆ. ಅವರು 'ಮೇಡಂ' ಅಂದು ತಲೆಯಾಡಿಸುತ್ತಿದ್ದರು. ನಾಲ್ಕು ತಿಂಗಳಲ್ಲಿ ನಮ್ಮಿಬ್ಬರ ಸಂಭಾಷಣೆ ಅಷ್ಟೇ.

ಐದನೇ ತಿಂಗಳಲ್ಲಿ ದೂರು ಬಂತು. ನೂಲು ಕೊಂಡವರು ಬಟ್ಟೆ ನೇಯ್ದು ಬಣ್ಣ ಹಾಕಿದಾಗ ಅಡ್ಡಪಟ್ಟೆಗಳು ಎದ್ದಿದ್ದವು. ಎರಡು ಲಾಟಿನ ನೂಲು ಬೆರೆತರೆ ಹೀಗಾಗುತ್ತದೆ. ಹತ್ತಿ ಬೇರೆ, ಬಣ್ಣ ಕುಡಿಯುವ ರೀತಿ ಬೇರೆ. ಅವರು ಲೇಬಲ್ಲುಗಳ ಸಮೇತ ಕಳಿಸಿದ್ದರು. ಎಲ್ಲವೂ ಹಿಂದಿನ ತಿಂಗಳ ಒಂದೇ ಒಂಬತ್ತು ದಿನದವು.

ಇಲ್ಲೊಂದು ವಿಷಯ ಹೇಳಬೇಕು. ಮಿಲ್ಲಿನ ದಿನ ಬೆಳಿಗ್ಗೆ ಏಳಕ್ಕೆ ಶುರುವಾಗುತ್ತದೆ. ನಡುರಾತ್ರಿ ದಾಟಿದ ಮೇಲೂ ಮೂರನೇ ಶಿಫ್ಟಿನಲ್ಲಿ ತೆಗೆದ ನೂಲು ಹಿಂದಿನ ದಿನದ ಲೆಕ್ಕಕ್ಕೇ ಸೇರುತ್ತದೆ, ಹಿಂದಿನ ದಿನದ ಲಾಟಿಗೇ ಸೇರುತ್ತದೆ. ಕಂಪ್ಯೂಟರಿನ ತಾರೀಖಿಗೆ ಇದು ತಿಳಿಯದು. ಹನ್ನೆರಡು ಹೊಡೆದರೆ ಅದಕ್ಕೆ ಮರುದಿನ. ಇದನ್ನು ಕಂಡುಹಿಡಿದು ಆರು ಸಾಲು ಬರೆದು ಸರಿಮಾಡಿದವಳು ನಾನೇ. ಅದರ ಬಗ್ಗೆ ನನಗೆ ಜಂಬವೂ ಇತ್ತು.

ಮಿಲ್ ಮ್ಯಾನೇಜರು ನನ್ನನ್ನು ಕರೆದು, "ಪ್ರೋಗ್ರಾಂ ತಪ್ಪು ಮಾಡಿರಬಹುದಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅವರ ಎದುರೇ ಮೂಲ ತೆಗೆದು ಆ ಆರು ಸಾಲು ತೋರಿಸಿದೆ. ಗಡಿಯಾರ ಮುಂದೆ ಹಾಕಿ ಒಂದು ಲೇಬಲ್ ಮುದ್ರಿಸಿಯೂ ತೋರಿಸಿದೆ. ಹಿಂದಿನ ದಿನದ ಲಾಟೇ ಬಂತು. "ನೋಡಿ, ಸರಿಯಾಗಿದೆ" ಅಂದೆ. ಲಾಟ್ ನಂಬರನ್ನು ಕೈಯಿಂದ ಬದಲಿಸುವ ಅಧಿಕಾರ ಇದ್ದದ್ದು ಲ್ಯಾಬ್ ಮೇಲ್ವಿಚಾರಕರಿಗೆ ಮಾತ್ರ. ಹಾಗಾದರೆ ತಪ್ಪು ಅವರದೇ ಎಂದು ತೀರ್ಮಾನವಾಯಿತು. ಶನಿವಾರದೊಳಗೆ ರಾಜೀನಾಮೆ ಕೊಡಬೇಕು, ಇಲ್ಲವಾದರೆ ತೆಗೆದುಹಾಕುತ್ತೇವೆ ಎಂದರಂತೆ. ಇದು ನನಗೆ ಮಂಗಳವಾರ ತಿಳಿಯಿತು, ಅದೂ ಅಣ್ಣನ ಬಾಯಿಂದಲೇ.

ಮಧ್ಯಾಹ್ನ ಊಟದ ಹೊತ್ತು. ಅವರು ನನ್ನ ರೂಮಿಗೆ ಬಂದು ಬಾಗಿಲು ಮುಂದೆ ಮಾಡಿ ನಿಂತರು.

"ಒಂದ್ ಮಾತ್ ಏಳ್ಲಾ ಮ್ಮಾ?"

ಯಾರು ಮಾತಾಡಿದ್ದು ಎಂದು ನಾನು ಹಿಂದೆ ತಿರುಗಿ ನೋಡಿದೆ. ರೂಮಿನಲ್ಲಿ ಇನ್ಯಾರೂ ಇರಲಿಲ್ಲ.

"ನಿಮಗೆ... ಕನ್ನಡ ಬರುತ್ತಾ ಅಣ್ಣಾ?"

"ನಮ್ಮಟ್ಟಿ ಪೇಚ್ಚೇ ಅದು. ಕೊಂಬೈ ಊರ್ನಾಗೆ ನಮ್ಮಾಳುಗೊ ಎಲ್ಲಾ ಅದೇ ಆಡೋದು. ಪಾಟ್ಟನ್ ಕಾಲ್ದಿಂದ."

ನಡುನಡುವೆ ತಮಿಳು ಸೇರಿತ್ತು, ಪೇಚ್ಚು ಅಂದರೆ ಮಾತು, ಪಾಟ್ಟನ್ ಅಂದರೆ ತಾತ; ಉಳಿದದ್ದು ಕನ್ನಡವೇ. ಕೊಳ್ಳೇಗಾಲದ ಕಡೆಯ ನನ್ನ ಅಜ್ಜಿಯೂ ಮನೆಗೆ 'ಅಟ್ಟಿ' ಎಂದೇ ಅನ್ನುತ್ತಿದ್ದಳು. ನನಗೆ ಖುಷಿಯಾಗಬೇಕಿತ್ತು. ಬಂದದ್ದು ಸಿಟ್ಟು. "ಅಲ್ಲಾ, ನಾಲ್ಕು ತಿಂಗಳಿಂದ ಪಕ್ಕದಲ್ಲೇ ಇದ್ದು ಒಂದು ಮಾತು ಆಡಲಿಲ್ಲವಲ್ಲ! ನಾನಿಲ್ಲಿ ಗೋಡೆ ಜೊತೆ ಮಾತಾಡ್ತಾ ಸಾಯ್ತಿದ್ದೀನಿ!"

"ಅಟ್ಟೀಲಿ ಆಡೋದು ಅಟ್ಟೀಲೇ ಮ್ಮಾ. ವೇಲೆ ಮಾಡೋ ಜಾಗ್ದಾಗೆ ನಾವು ಆಡಾಕಿಲ್ಲ. ನಾಕ್ ಆಳು ಇರೋ ಕಡೆ ಇಬ್ರು ಮಾತ್ರ ತನಿಯಾ ಬೇರೆ ಮಾತು ಪೇಸುದ್ರೆ ಮಿಕ್ಕೋರು ಏನ್ ನೆನೀತಾರೆ? ನಮ್ಮಪ್ಪನೂ ಅಂಗೇ ಇದ್ದ, ನಾನೂ ಅಂಗೇ." ಆಮೇಲೆ ತುಟಿಯಂಚಿನಲ್ಲಿ ಸ್ವಲ್ಪ ನಕ್ಕರು. "ನೀ ಪೋನ್ನಾಗೆ ಬೈದದ್ದೆಲ್ಲಾ ಕೇಳ್ಸ್ಕಂಡಿವ್ನಿ. ಒಳ್ಳೆ ಬಾಯಿ ನಿಂದು."

ಅವರು ಜೇಬಿನಿಂದ ಒಂದು ಲೇಬಲ್ ತೆಗೆದು ಮೇಜಿನ ಮೇಲಿಟ್ಟರು.

"ಇದ್ನ ಅವತ್ತೇ ನಿಂಗೆ ತಂದ್ ತೋರ್ಸ್ದೆ. ಮೂರ್ನೇ ಶಿಫ್ಟ್ ನೂಲಿಗೆ ಮರುದಿನದ ಲಾಟ್ ಬಿದ್ದದೆ, ಸರಿಯಾ ಅಂತ ತಮಿಳ್ನಾಗೆ ಕೇಳ್ದೆ. ನೀ ತಲೆನೂ ಎತ್ತದಂಗೆ 'ಕಂಪ್ಯೂಟರ್ ಕರೆಕ್ಟ್, ಕರೆಕ್ಟ್' ಅಂದೆ. ಯಂತ್ರ ಸರಿ ಅಂತ ನೀನೇ ಅಂದ್ಮ್ಯಾಕೆ ನಾ ಅಂಟಿಸ್ದೆ."

ನನಗೆ ನೆನಪಿತ್ತು. ಯಾರೋ ಬಂದು ಏನೋ ಕೇಳಿದ್ದು, ನಾನು ಏನೋ ಅಂದು ಸಾಗಹಾಕಿದ್ದು.

"ಮ್ಯಾನೇಜರ್‌ಗೆ ಹೇಳಲಿಲ್ವಾ ಇದನ್ನ?"

"ಏಳ್ದೆ. ನೀನೇ ಕೈಯಾಗೆ ಲಾಟ್ ಮಾತ್ತಿ, ಬದ್ಲಿಸಿ ಮುದ್ರಿಸಿರ್ಬೋದಲ್ಲ ಅಂದ್ರು. ನನ್ ಪರ ಏಳು ಅಂತ ಕೇಳಾಕ್ ಬರ್ಲಿಲ್ಲ ಮ್ಮಾ. ನಿಜ ಏನು ಅಂತ ನೋಡು. ತಪ್ಪು ನಂದೇ ಆಗಿದ್ರೆ ಶನಿವಾರ ಓಯ್ತೀನಿ."

ಅವರು ಹೋದ ಮೇಲೆ ನನ್ನ ದಿನಚರಿ ಪುಸ್ತಕ ತೆಗೆದೆ. ದೂರಿನ ಮೊದಲ ದಿನಕ್ಕೆ ಎದುರಾಗಿ ನನ್ನದೇ ಅಕ್ಷರ: 'ಆರನೇ ಫ್ಲಾಪಿ ಇಳಿಸಿದೆ.' ಒಂಬತ್ತು ದಿನದ ನಂತರ: 'ಏಳನೇ ಫ್ಲಾಪಿ ಇಳಿಸಿದೆ.' ಈಗಿರುವ ಪ್ರೋಗ್ರಾಂ ಸರಿ. ಆದರೆ ಆ ಒಂಬತ್ತು ದಿನ ಇದ್ದ ಪ್ರೋಗ್ರಾಂ? ಆರನೇ ಫ್ಲಾಪಿಯ ಮೇಲೆಯೇ ಬೇರೆ ಫೈಲು ತುಂಬಿ ವಾಪಸ್ ಕಳಿಸಿಯಾಗಿತ್ತು. ಹಳೆಯದು ಉಳಿದಿದ್ದದ್ದು ಒಂದೇ ಕಡೆ, ಭಂಡಾರದಲ್ಲಿ.

ಸಹೋದ್ಯೋಗಿಗೆ ಫೋನ್ ಮಾಡಿ ಹಳೆಯ ಪ್ರತಿ ಕಳಿಸು ಅಂದೆ. ಅರ್ಧ ಗಂಟೆ ಬಿಟ್ಟು ಬಾಸ್‌ನ ಫೋನೇ ಬಂತು. "ಅವರು ಪ್ರೋಗ್ರಾಂ ಸರಿ ಅಂತ ಒಪ್ಪಿದ್ದಾರೆ ತಾನೆ? ಇನ್ನೇನಕ್ಕಮ್ಮ ಕೆದಕ್ತೀಯ? ಯಾರೂ ಏನೂ ಕಳಿಸಬಾರದು ಅಂತ ಹೇಳಿದೀನಿ" ಎಂದು ಫೋನಿಟ್ಟರು. ನನ್ನ ಪಾಸ್‌ವರ್ಡನ್ನು ಮಾತ್ರ ತೆಗೆದುಹಾಕಲು ಅವರಿಗೆ ಹೊಳೆದಿರಲಿಲ್ಲ.

ಬುಧವಾರವೆಲ್ಲ ಪ್ರಾಕ್ಸಿಯ ಜೊತೆ ಗುದ್ದಾಡಿದೆ. ಸಿವಿಎಸ್‌ಗೆ ಪ್ರಾಕ್ಸಿ ಅಂದರೆ ಏನೆಂದೇ ಗೊತ್ತಿಲ್ಲ. ನೇರ ಹೋಗಿ ಗೋಡೆಗೆ ಹಾಯುತ್ತದೆ. ಆದರೆ ಪ್ರಾಕ್ಸಿಗಳಿಗೆ ಕನೆಕ್ಟ್ ಎಂಬ ಒಂದು ಆಜ್ಞೆ ಉಂಟು. ಇಂಥ ಸರ್ವರಿನ ಇಂಥ ಬಾಗಿಲಿಗೆ ನನ್ನನ್ನು ಜೋಡಿಸು, ನಡುವೆ ಏನು ಹರಿಯುತ್ತದೆಂದು ನೋಡಬೇಡ ಎಂದರ್ಥ. ಗುಟ್ಟಿನ ವೆಬ್ ಪುಟಗಳು ೪೪೩ನೇ ಬಾಗಿಲಿಗೆ ಹೋಗುವುದು ಹೀಗೆಯೇ. ಟೆಲ್‌ನೆಟ್ ಎಂಬ ಸಲಕರಣೆಯಿಂದ ಪ್ರಾಕ್ಸಿಗೆ ಹೋಗಿ ಅದೇ ಆಜ್ಞೆಯನ್ನು ೨೪೦೧ಕ್ಕೆ ಕೈಯಾರೆ ಬರೆದೆ. ತಕ್ಷಣ ಉತ್ತರ ಬಂತು: ೪೦೩, ನಿಷಿದ್ಧ. ಅದೇ ಸರ್ವರಿನ ೪೪೩ಕ್ಕೆ ಕೇಳಿದೆ. ಪ್ರಾಕ್ಸಿ ಹೋಗಲು ಬಿಟ್ಟಿತು, ಆದರೆ ಆ ಕಡೆ ಕೇಳುವವರು ಯಾರೂ ಇರಲಿಲ್ಲ. ಸರ್ವರಿನಲ್ಲಿ ಸಿವಿಎಸ್ಸನ್ನು ೪೪೩ಕ್ಕೆ ಕೂರಿಸಿದರೆ ಕೆಲಸ ಆದಂತೆಯೇ. ಆದರೆ ಕೂರಿಸುವವರು ಮೈಸೂರಿನವರು. ಅಲ್ಲಿಗೆ ಆ ದಾರಿಯೂ ಮುಚ್ಚಿತು.

ಉಳಿದದ್ದು ದಿಂಡಿಗಲ್ಲಿನ ಕೆಂಪು ಶಾಯಿ. ಮತ್ತೆ ನಮೂನೆ ತೆಗೆದುಕೊಂಡೆ. 'ಕಾರಣ' ಎಂಬ ಜಾಗದ ಮುಂದೆ ಪೆನ್ನು ಹಿಡಿದು ಬಹಳ ಹೊತ್ತು ಕೂತೆ. ಸುಳ್ಳು ಹೇಳಿದರೂ ಆಗುತ್ತಿತ್ತೇನೋ, ಚೆಂದದ ತಾಂತ್ರಿಕ ಸುಳ್ಳು. ನಿಜ ಬರೆದರೆ ನಾಳೆ ಭಂಡಾರದಲ್ಲಿ ಏನೂ ಸಿಗದಿದ್ದರೂ ಆ ಕಾಗದ ಉಳಿಯುತ್ತದೆ. ಕೆಲಸ ಹೋಗುವುದು ನನಗೆ ಖಾತ್ರಿ. ಹೆದರಿಕೆಯೂ ಆಯಿತು, ಯಾಕಾದರೂ ಬಂದೆನೋ ಎಂದೂ ಅನ್ನಿಸಿತು. ಪಕ್ಕದ ಲ್ಯಾಬಿನಲ್ಲಿ ಅವರು ತಕ್ಕಡಿ ಒರೆಸಿಡುತ್ತಿದ್ದರು, ಎಂದಿನ ಹಾಗೆ. ಕೊನೆಗೆ ಬರೆದೆ: 'ನಿಮ್ಮ ಲ್ಯಾಬ್ ಮೇಲ್ವಿಚಾರಕರನ್ನು ಯಾವ ತಪ್ಪಿಗಾಗಿ ತೆಗೆಯುತ್ತಿದ್ದೀರೋ ಆ ತಪ್ಪು ನನ್ನದೇ ಎಂದು ನೋಡಲು.'

ಫ್ಯಾಕ್ಸ್ ಮಾಡಲು ಮನಸ್ಸಾಗಲಿಲ್ಲ. ಗುರುವಾರ ಬೆಳಿಗ್ಗೆ ಬಸ್ಸು ಹತ್ತಿ ದಿಂಡಿಗಲ್ಲಿಗೆ ನಾನೇ ಹೋದೆ. ಊರು ಹತ್ತಿರವಾದಂತೆ ಒಡ್ಡನ್‌ಛತ್ರಂ ಕಡೆಯಿಂದ ಬಂದ ತರಕಾರಿ ಲಾರಿಗಳು ರಸ್ತೆ ತುಂಬ ನಿಂತಿದ್ದವು. ಬಸ್ಸು ಮುಕ್ಕಾಲು ಗಂಟೆ ಅಲ್ಲಾಡಲಿಲ್ಲ. ಇಳಿದು ಓಡಿಹೋಗಬೇಕು ಅನ್ನುವಷ್ಟು ಸಂಕಟ.

ಸಿಸ್ಟಮ್ಸ್ ಆಫೀಸರನ್ನು ನಾನು ದಪ್ಪ ಮೀಸೆಯ ದರ್ಪದ ಮನುಷ್ಯನೆಂದು ಊಹಿಸಿಕೊಂಡಿದ್ದೆ. ಇದ್ದವರು ಸ್ವೆಟರ್ ತೊಟ್ಟ ಸಣಕಲು ವ್ಯಕ್ತಿ. ಏಸಿ ರೂಮಿನಲ್ಲಿ ಒಬ್ಬರೇ. ನಮೂನೆಯನ್ನು ಎರಡು ಸಲ ಓದಿದರು.

"ಮೊದಲೆರಡು ಸಲ ಯಾಕೆ ವಾಪಸ್ ಕಳಿಸಿದೆ ಗೊತ್ತಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. "ನಿರ್ವಹಣೆ ಅಂತ ಎಲ್ಲರೂ ಬರೆಯುತ್ತಾರೆ. ಏನು ಒಳಗೆ ಬರುತ್ತೆ, ಏನು ಹೊರಗೆ ಹೋಗುತ್ತೆ ಅಂತ ಯಾರೂ ಬರೆಯಲ್ಲ. ನೀವು ಒಂದು ಸಲ ಫೋನ್ ಮಾಡಿ ಹೇಳಬಹುದಿತ್ತು."

ನಮೂನೆಯ ಮೇಲೆ ತಾರೀಖಿನ ಮುದ್ರೆ ಒತ್ತಿದರು.

"ಇದು ಫೈಲಿಗೆ ಹೋಗುತ್ತೆ. ಆಮೇಲೆ ವಾಪಸ್ ಕೊಡಿ ಅಂದರೆ ಕೊಡಲ್ಲ."

"ಬೇಡ ಸರ್. ಇಟ್ಟುಕೊಳ್ಳಿ."

ಶುಕ್ರವಾರ ಮಧ್ಯಾಹ್ನ ಎರಡರಿಂದ ನಾಲ್ಕು, ನನ್ನ ಒಂದು ಯಂತ್ರಕ್ಕೆ, ಆ ಒಂದು ಸರ್ವರಿಗೆ, ೨೪೦೧ ಒಂದೇ. ಹಾಗೆಂದು ಬರೆದು ಸಹಿ ಹಾಕಿದರು. ಈ ಸಲ ನೀಲಿ ಶಾಯಿ.

ಶುಕ್ರವಾರದ ಹೊತ್ತಿಗೆ ಇಪ್ಪತ್ತು ಸಾಲಿನ ಪರ್ಲ್ ಭಾಷೆಯ ಒಂದು ಪ್ರೋಗ್ರಾಂ ಬರೆದಿಟ್ಟುಕೊಂಡಿದ್ದೆ. ಅದು ನನ್ನ ಯಂತ್ರದಲ್ಲೇ ೨೪೦೧ರಲ್ಲಿ ಕಾದು ಕೂರುತ್ತದೆ. ಸಿವಿಎಸ್ ಬಂದು ಬಾಗಿಲು ತಟ್ಟಿದರೆ ಪ್ರಾಕ್ಸಿಗೆ ಹೋಗಿ ಕನೆಕ್ಟ್ ಅನ್ನುತ್ತದೆ, ಆಮೇಲೆ ಇತ್ತಲಿಂದ ಬಂದದ್ದನ್ನು ಅತ್ತ, ಅತ್ತಲಿಂದ ಬಂದದ್ದನ್ನು ಇತ್ತ ಹಾಕುತ್ತದೆ. ಎರಡು ಗಂಟೆ ಐದು ನಿಮಿಷಕ್ಕೆ ಓಡಿಸಿದೆ. ತಕ್ಷಣ ದೋಷ: ಗುರುತಿಸಲಾಗದ ಉತ್ತರ ಬಂದಿದೆ ಎಂದು ಸಿವಿಎಸ್ ಜಗಳ ತೆಗೆಯಿತು. ಮತ್ತೆ ಮತ್ತೆ ಓಡಿಸಿದೆ, ಅದೇ. ಪಾಸ್‌ವರ್ಡ್ ತೆಗೆದುಬಿಟ್ಟರೇನೋ ಅಂದುಕೊಂಡೆ. ದೋಷದ ಸಾಲನ್ನು ಪೂರ್ತಿ ಓದಿದ್ದು ಮೂರು ಗಂಟೆಗೆ. ಕಡೆಯಲ್ಲಿ 'ಸಂಪರ್ಕ ಏರ್ಪಟ್ಟಿದೆ' ಎಂಬ ಪ್ರಾಕ್ಸಿಯ ಮಾತೇ ಇತ್ತು! ಪ್ರಾಕ್ಸಿ ನನಗೆ ಹೇಳಿದ್ದನ್ನು ನನ್ನ ಪ್ರೋಗ್ರಾಂ ಸಿವಿಎಸ್‌ಗೂ ದಾಟಿಸುತ್ತಿತ್ತು. ಪ್ರಾಕ್ಸಿಯ ಉತ್ತರವನ್ನು ಖಾಲಿ ಸಾಲು ಬರುವವರೆಗೆ ಓದಿ ಎಸೆದು, ಆಮೇಲೆ ಹರಿಯಲು ಬಿಡು ಎಂದು ತಿದ್ದಿದೆ. ಮೂರೂ ಇಪ್ಪತ್ತಕ್ಕೆ ಒಳಗೆ ಹೋದೆ.

ಲೇಬಲ್ ಫೈಲಿನ ಇತಿಹಾಸ ಪರದೆಯ ಮೇಲೆ ಇಳಿಯಿತು. ಆರನೇ ಫ್ಲಾಪಿಯ ಪ್ರತಿಯನ್ನೂ ಏಳನೆಯದನ್ನೂ ಹೋಲಿಸು ಅಂದೆ. ಏಳನೆಯದರಲ್ಲಿ ಆರು ಸಾಲು ಹೆಚ್ಚಿಗೆ ಇದ್ದವು. ನನ್ನ ಆರು ಸಾಲು. ಆರನೆಯದರಲ್ಲಿ ಇರಲಿಲ್ಲ.

ನಡೆದದ್ದು ಇಷ್ಟು. ನಾನು ಇಲ್ಲಿ ತಿದ್ದುಪಡಿ ಮಾಡುವ ಹೊತ್ತಿಗೆ ಅಲ್ಲಿ ಆರನೇ ಫ್ಲಾಪಿ ಕೊರಿಯರ್ ಹತ್ತಿತ್ತು. ಅದು ಬಂದಾಗ ನಾನು ಹೋಲಿಸಿ ನೋಡದೆ ಇಡೀ ಫೈಲನ್ನು ಇಳಿಸಿದೆ. ನನ್ನ ತಿದ್ದುಪಡಿಯನ್ನು ನಾನೇ ಅಳಿಸಿದೆ. ಹಗಲಿನ ಲೇಬಲ್ಲುಗಳೆಲ್ಲ ಸರಿಯಾಗಿಯೇ ಬರುತ್ತಿದ್ದರಿಂದ ಗೊತ್ತಾಗಲಿಲ್ಲ. ಏಳನೆಯದರಲ್ಲಿ ಸಹೋದ್ಯೋಗಿ ನನ್ನ ಇ-ಮೇಲಿನ ಸಾಲುಗಳನ್ನು ಸೇರಿಸಿದ್ದ, ಎಲ್ಲಾ ತಾನಾಗಿ ಸರಿಹೋಯಿತು. ಭಂಡಾರಕ್ಕೆ ದಾರಿಯಿದ್ದಿದ್ದರೆ ಅದೇ ಎಚ್ಚರಿಸುತ್ತಿತ್ತು. ಆದರೆ ಭಂಡಾರ ಎಚ್ಚರಿಸದಿದ್ದರೂ ಒಬ್ಬ ಮನುಷ್ಯ ಎಚ್ಚರಿಸಲು ಬಂದಿದ್ದರು.

ಎರಡೂ ಪ್ರತಿಗಳನ್ನು ಮುದ್ರಿಸಿಕೊಂಡೆ. ನಾಲ್ಕಕ್ಕೆ ಸರಿಯಾಗಿ ಸಂಪರ್ಕ ಕಡಿಯಿತು.

ಶನಿವಾರ ಬೆಳಿಗ್ಗೆ ಮ್ಯಾನೇಜರ ಮುಂದೆ ಹಾಳೆಗಳನ್ನು, ನನ್ನ ದಿನಚರಿಯನ್ನು, ದೂರಿನ ಲೇಬಲ್ಲುಗಳನ್ನು ಸಾಲಾಗಿ ಇಟ್ಟು ವಿವರಿಸಿದೆ. ಹಳೆಯ ಪ್ರತಿಯನ್ನು ಓಡಿಸಿ ತೋರಿಸಿದೆ. ಅಣ್ಣ ಜೇಬಿನಿಂದ ತೆಗೆದುಕೊಟ್ಟಿದ್ದ ಲೇಬಲ್ಲಿನ ಹಾಗೆಯೇ ಬಂತು. ಮ್ಯಾನೇಜರು ದಿಂಡಿಗಲ್ಲಿಗೆ ಫೋನ್ ಮಾಡಿದರು. ಮಧ್ಯಾಹ್ನದೊಳಗೆ ಎರಡು ಫ್ಯಾಕ್ಸ್ ಬಂದವು. ಲ್ಯಾಬ್ ಮೇಲ್ವಿಚಾರಕರು ಮುಂದುವರಿಯತಕ್ಕದ್ದು ಎಂದು ಒಂದು. ನನ್ನ ಬದಲು ಬೇರೆಯವರನ್ನು ಕಳಿಸತಕ್ಕದ್ದು ಎಂದು ಮೈಸೂರಿಗೆ ಬರೆದ ಪತ್ರದ ಪ್ರತಿ ಇನ್ನೊಂದು. ಬಾಸ್ ಫೋನಿನಲ್ಲಿ ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ.

ಲ್ಯಾಬಿಗೆ ಹೋಗಿ ಅಣ್ಣನಿಗೆ ಸುದ್ದಿ ಹೇಳಿದೆ. "ನಾಳೆ ಅಟ್ಟಿಗೆ ಬಾ ಮ್ಮಾ, ಉಂಡು ಓಗು" ಅಂದರು.

ಕೊಂಬೈನ ಅವರ ಮನೆಗೆ ಭಾನುವಾರ ಮಧ್ಯಾಹ್ನ ಹೋದೆ. ಒಳಗೆ ಕಾಲಿಟ್ಟ ಕೂಡಲೇ ಕನ್ನಡ. ಅಡುಗೆಮನೆಯಲ್ಲಿ ಕನ್ನಡ, ಹಿತ್ತಲಲ್ಲಿ ಕನ್ನಡ, ಯಾರೋ ಯಾರನ್ನೋ ನೀರು ಚೆಲ್ಲಿದ್ದಕ್ಕೆ ಬೈಯುವುದೂ ಕನ್ನಡ. ಮನೆ ತುಂಬ ಕನ್ನಡ ನನ್ನ ಕಿವಿಗೆ ಬಿದ್ದು ಐದು ತಿಂಗಳಾಗಿತ್ತು. ಅಣ್ಣನ ತಾಯಿ ತಾವೇ ಎಲೆ ಹಾಕಿ ನನಗೂ ಮಗನಿಗೂ ಕೋಳಿಸಾರು ಬಡಿಸಿದರು. ಕಂಪ್ಯೂಟರಿನ ಹುಡುಗಿ ಎಂದಷ್ಟೇ ಅವರಿಗೆ ಗೊತ್ತಿತ್ತು.

"ನನ್ ಮಗನ್ಗೆ ಆದದ್ದು ಕೇಳಿದ್ಯಾ ಮ್ಮಾ? ಇಪ್ಪತ್ತೊರ್ಷ ಒಂದ್ ಸೊಲ್ಲು ಕೇಳ್ದೋನಲ್ಲ. ಯಾವನೋ ಕಂಪೂಟ್ರು ಕುಟ್ಟೋನು ತಪ್ ಮಾಡಿ ಇವನ್ ತಲೆಗೆ ಕಟ್ಟಿದ್ನಂತೆ. ಅವನ್ ಕೈ ಸೇದೋಗ! ನಾಕ್ ದಿನ ಈ ಅಟ್ಟೀಲಿ ಒಬ್ರೂ ಉಣ್ಲಿಲ್ಲ."

"ಅವ್ವಾ, ಸುಮ್ಕಿರು. ಉಣ್ಣಾಕ್ ಬುಡು" ಎಂದರು ಅಣ್ಣ, ತಲೆ ಎತ್ತದೆ. ನನ್ನ ಹೆಸರನ್ನು ಅವರು ಮನೆಯಲ್ಲಿ ಹೇಳಿರಲೇ ಇಲ್ಲ.

ಒಂದು ಶಬ್ದವೂ ಬಿಡದೆ ನನಗೆ ಅರ್ಥವಾಗಿತ್ತು. ಕಲಸಿದ ಅನ್ನ ಕೈಯಲ್ಲೇ ಉಳಿಯಿತು.

"ಯಾವನೋ ಅಲ್ಲ ಅವ್ವಾ. ನಾನೇ."

ಅವರು ಸೌಟು ಪಾತ್ರೆಗೆ ಹಾಕಿ ನನ್ನ ಎದುರು ಕೂತರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಇವ ಚೀಟಿ ಇಟ್ಕಂಡು ಬಂದ್ ಕೇಳ್ದಾಗ ಎದ್ರಿಗೆ ಇದ್ದೋಳು ನೀನಾ?"

"ಹೂಂ."

"ತಲೆ ಎತ್ತಿ ನೋಡಾಕಾಗ್ದಂಗೆ ಏನ್ ವೇಲೆ ಮಾಡ್ತಿದ್ದೆ ಮ್ಮಾ?"

"ಕೆಲಸ ಇರಲಿಲ್ಲ ಅವ್ವಾ. ಊರಿಗೆ ಕಾಗದ ಬರೀತಿದ್ದೆ, ನಮ್ಮಮ್ಮನಿಗೆ."

"ಏನಂತ?"

ಅಣ್ಣನೂ ಈಗ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದರು.

"ಇಲ್ಲಿ ನನ್ನ ಹತ್ತಿರ ಬಂದು ಮಾತಾಡಿಸೋರು ಒಬ್ಬರೂ ಇಲ್ಲ ಅಂತ."